ಉಪ್ಪು ತಿಂದ ಮನೆ

ನನಗೆ ಬಿ.ಪಿ. ಇದೆ. ಸಾರಿಗೆ ಉಪ್ಪು ಅರ್ಧ, ಉಪ್ಪಿನಕಾಯಿ ನಿಷಿದ್ಧ, ಹಪ್ಪಳ ಹಬ್ಬಕ್ಕೆ ಮಾತ್ರ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಹೆಂಡತಿ ಅದನ್ನು ಡಾಕ್ಟರಿಗಿಂತ ಬಿಗಿಯಾಗಿ ಜಾರಿಗೆ ತಂದಿದ್ದಾಳೆ. ಇಂಥ ಮನೆಯಲ್ಲಿ ತಿಂಗಳಿಗೆ ಮೂರು ಕಿಲೋ ಉಪ್ಪು ಖರ್ಚಾಗುತ್ತದೆ. ಅದೂ ಪರದೇಶದಿಂದ ಬಕೆಟ್ಟಿನಲ್ಲಿ ಬರುವ ಉಪ್ಪು. ಅದರ ಬೆಲೆ ಎಷ್ಟೆಂದು ಹೆಂಡತಿ ಕೇಳಿಲ್ಲ, ನಾನೂ ಹೇಳಿಲ್ಲ. ನಮ್ಮ ದಾಂಪತ್ಯ ಇಷ್ಟು ದೂರ ಬಂದಿರುವುದೇ ಇಂಥ ಕೇಳದ, ಹೇಳದ ಮಾತುಗಳ ಮೇಲೆ.

ಆ ಉಪ್ಪೆಲ್ಲ ಹೋಗುವುದು ಹಾಲಿನ ಮೂಲೆಯಲ್ಲಿರುವ ಗಾಜಿನ ಟ್ಯಾಂಕಿಗೆ. ಹಿಡಿಯುವ ನೀರು 200 ಲೀಟರ್. ಅದರೊಳಗಿನ ಖಾಯಂ ನಿವಾಸಿಗಳು ಎರಡು ಕ್ಲೌನ್ ಮೀನು. ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ, ಪಟ್ಟೆಗೆ ಕಪ್ಪು ಅಂಚು. ಮಕ್ಕಳಿಗೆಲ್ಲ ಗೊತ್ತಿರುವ ಮೀನು. ಅಂಥ ಎರಡು ಬೊಗಸೆಯಷ್ಟೂ ಇಲ್ಲದ ಜೀವಗಳಿಗಾಗಿ ನಾನು ಇಡೀ ಒಂದು ಸಮುದ್ರವನ್ನು ಸಾಕುತ್ತಿದ್ದೇನೆ. ಮೀನು ಸಾಕುವುದು ಸುಲಭ. ಅದಕ್ಕೆ ಎರಡು ಹೊತ್ತು ಚಿಟಿಕೆ ಆಹಾರ ಹಾಕಿದರಾಯಿತು. ಕಷ್ಟವಿರುವುದು ನೀರು ಸಾಕುವುದರಲ್ಲಿ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಂದರೆ ನಮ್ಮ ಹಾಲಿನಲ್ಲಿ ಸದಾ ಏಳು ಕಿಲೋ ಉಪ್ಪು ಕಣ್ಣಿಗೆ ಕಾಣದ ಹಾಗೆ ಕರಗಿ ಕೂತಿದೆ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ತೆಗೆದು ಹೊಸ ಉಪ್ಪುನೀರು ಹಾಕಬೇಕು. ಅಂಗಡಿಯ ಅಯೋಡಿನ್ ಉಪ್ಪಾಗಲಿ ಕಲ್ಲುಪ್ಪಾಗಲಿ ಇದಕ್ಕೆ ಆಗದು. ಸಮುದ್ರಕ್ಕೆ ಬರಿಯ ಸೋಡಿಯಂ ಕ್ಲೋರೈಡ್ ಸಾಲದು. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲವೂ ಅಳತೆಗೆ ಸರಿಯಾಗಿ ಇರಬೇಕು. ಕಲಸಿದ ಮೇಲೆ ರಿಫ್ರಾಕ್ಟೋಮೀಟರ್ ಎಂಬ ಪುಟ್ಟ ಕೊಳವೆಯ ಮೇಲೆ ಒಂದು ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಬೇಕು. ನೀಲಿಯೂ ಬಿಳಿಯೂ ಕೂಡುವ ಗೆರೆ 1.025ರ ಮೇಲೆ ನಿಂತರೆ ಸಮುದ್ರ ಸಿದ್ಧ. “ಸಾರಿಗೆ ಉಪ್ಪು ಸಾಕಾ ಅಂತ ಕೇಳಿದರೆ ಪೇಪರಿನಿಂದ ತಲೆ ಎತ್ತಲ್ಲ. ಮೀನಿಗೆ ಮಾತ್ರ ಸಾವಿರದ ಒಂದು ಪಾಲಿನ ತನಕ ಲೆಕ್ಕ!” ಎನ್ನುತ್ತಾಳೆ ಹೆಂಡತಿ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಮಂಗಳೂರಿನ ಕಡಲು ಇಲ್ಲಿಗೆ ಮುನ್ನೂರೈವತ್ತು ಕಿಲೋಮೀಟರ್, ಮಧ್ಯದಲ್ಲಿ ಇಡೀ ಪಶ್ಚಿಮಘಟ್ಟ. ಇಲ್ಲಿ ಸಮುದ್ರ ಮಾಡಲು ನನಗೆ ಸಿಗುವುದು ಕಾವೇರಿ ನೀರು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಕೊಳವೆಯಲ್ಲಿ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪಿನ ಬಲದಿಂದ ಹತ್ತಿ ಬರುವ ನೀರು. ತನ್ನ ಪಾಡಿಗೆ ಹರಿದಿದ್ದರೆ ಪೂಂಪುಹಾರಿನ ಹತ್ತಿರ ಬಂಗಾಳಕೊಲ್ಲಿಗೆ ಸೇರಿ ತಾನೇ ಉಪ್ಪಾಗುತ್ತಿತ್ತು. ಅದನ್ನು ತಡೆದು, ಬೆಟ್ಟ ಹತ್ತಿಸಿ, ಆರ್.ಓ. ಯಂತ್ರದಲ್ಲಿ ಸೋಸಿ, ಕೊನೆಗೆ ನಾನು ಕೈಯಾರೆ ಉಪ್ಪು ಹಾಕುತ್ತೇನೆ. ನದಿಗೆ ಇದನ್ನು ವಿವರಿಸುವ ಧೈರ್ಯ ನನಗಿಲ್ಲ.

2024ರ ಮಾರ್ಚಿನಲ್ಲಿ ಊರಿಗೆ ನೀರಿನ ಬರ ಬಂತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಆ ಆಜ್ಞೆಯಲ್ಲಿ ಕಾರು, ಕೈತೋಟ, ಕಾರಂಜಿಗಳಿದ್ದವು. ಸಮುದ್ರದ ಪ್ರಸ್ತಾಪ ಇರಲಿಲ್ಲ. ಆದರೂ ನಾನು ಆ ಬೇಸಿಗೆಯಲ್ಲಿ ಬಕೆಟ್ಟು ಹಿಡಿದು ಓಡಾಡಿದ್ದು ಪರದೆ ಎಳೆದ ಮೇಲೆಯೇ. ಆರ್.ಓ. ಯಂತ್ರ ಹೊರಗೆ ಬಿಡುವ ನೀರಿನಲ್ಲಿ ನೆಲ ಒರೆಸಿದೆವು, ಬಟ್ಟೆ ನೆನೆಸಿದೆವು. ಟ್ಯಾಂಕಿನಿಂದ ತೆಗೆದ ಉಪ್ಪುನೀರು ಗಿಡಕ್ಕಾಗದು, ಅದು ತುಳಸಿಯನ್ನು ಒಂದೇ ದಿನದಲ್ಲಿ ಮುಗಿಸುತ್ತದೆ. ಹಾಗಾಗಿ ಅದು ಶೌಚಾಲಯಕ್ಕೆ ಹೋಯಿತು. ಆ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಸಮುದ್ರದ ನೀರಿನಿಂದ ಫ್ಲಷ್ ಮಾಡಿದ ಮನೆಗಳು ಬಹಳ ಇರಲಾರವು.

ಈ ಸಂಸಾರಕ್ಕೆ ಕಾರಣ ಮಗಳು. ಅವಳು ಪ್ರಾಥಮಿಕ ಶಾಲೆಯಲ್ಲಿದ್ದಾಗ ಟೀವಿಯಲ್ಲಿ ‘ಫೈಂಡಿಂಗ್ ನೀಮೋ’ ನೋಡಿದಳು. 2003ರಲ್ಲಿ ಆ ಸಿನಿಮಾ ಬಂದ ಮೇಲೆ ಜಗತ್ತಿನಾದ್ಯಂತ ಅಪ್ಪಂದಿರಿಗೆ ಶುರುವಾದ ಉಪದ್ರವ ನಮ್ಮ ಮನೆಗೆ ತಡವಾಗಿಯಾದರೂ ತಪ್ಪದೆ ಬಂತು. ಸಮುದ್ರದಿಂದ ಹಿಡಿದು ತಂದ ಮೀನನ್ನು ಪುನಃ ಸಮುದ್ರಕ್ಕೆ ಬಿಡಬೇಕು ಎಂಬುದು ಆ ಕತೆಯ ಸಾರ. ನಮಗೂ ಒಂದು ಬೇಕು ಎಂಬುದು ಮಕ್ಕಳು ಅದರಿಂದ ಕಲಿತ ಪಾಠ.

ಶಿವಾಜಿನಗರದ ಕಡೆ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಆತ ನನ್ನ ಮುಖ ನೋಡಿ, “ಸಾರ್, ಮೊದಲು ನೀರು ಕೂರಿಸಿ, ಆರು ವಾರ ಬಿಟ್ಟು ಬನ್ನಿ” ಎಂದ. ಮಾರುವವನೇ ಕೊಳ್ಳಬೇಡಿ ಎನ್ನುವ ವ್ಯಾಪಾರ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವನ ಮಾತು ಶಾಸ್ತ್ರಸಮ್ಮತ. ಮೀನಿನ ಹೇಲು-ಉಚ್ಚೆಯಿಂದ ಅಮೋನಿಯ ಹುಟ್ಟುತ್ತದೆ, ಅದು ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದರ ಜೊತೆ ಮೀನು ಬಾಳಬಲ್ಲದು. ಈ ಎರಡು ತಂಡಗಳೂ ಕಲ್ಲಿನ ಸಂದುಗಳಲ್ಲಿ ಬಂದು ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮನೆಗೆ ಬಂದವರಿಗೆಲ್ಲ ನಾನು ದೀಪ ಹಾಕಿ ತೋರಿಸಿದ್ದು ಬರಿಯ ನೀರು, ಕಲ್ಲು, ಗುಳುಗುಳು ಸದ್ದು. ಸೌಜನ್ಯವುಳ್ಳವರು ಕಲ್ಲಿನ ಹಿಂದೆ ಬಗ್ಗಿ ನೋಡಿ, “ನಾಚಿಕೆ ಸ್ವಭಾವದ ಮೀನು ಅನಿಸುತ್ತೆ” ಎಂದರು.

ಕಲ್ಲು ಎಂದೆ, ಹವಳವಲ್ಲ. ನಮ್ಮ ದೇಶದಲ್ಲಿ ಹವಳದ ದಿಬ್ಬಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಯೂ ಅದೇ ಪಟ್ಟಿಯಲ್ಲಿದೆ. ಹಾಲಿನಲ್ಲಿ ಹುಲಿ ಕಟ್ಟುವಷ್ಟು ಧೈರ್ಯ ಇಲ್ಲದವರು ಹವಳದ ಆಸೆಯನ್ನೂ ಬಿಡಬೇಕು. ಅನಿಮೋನನ್ನೂ ನಾನು ತರಲಿಲ್ಲ. ಕಡಲಿನಲ್ಲಿ ಕ್ಲೌನ್ ಮೀನಿನ ಮನೆ ಎಂದರೆ ಅನಿಮೋನ್. ಹೂವಿನ ಚೆಲುವಿದ್ದರೂ ಅದು ಪ್ರಾಣಿ, ಮೈತುಂಬ ಕುಟುಕುವ ಎಳೆಗಳು. ಬೇರೆ ಮೀನು ಹತ್ತಿರ ಹೋದರೆ ಕುಟುಕಿಸಿಕೊಂಡು ಅದಕ್ಕೆ ಊಟವಾಗುತ್ತದೆ. ಕ್ಲೌನ್ ಮೀನಿನ ಮೈಮೇಲಿನ ಲೋಳೆ ಅದನ್ನು ಕಾಪಾಡುತ್ತದೆ. ಆದರೆ ಟ್ಯಾಂಕಿನಲ್ಲಿ ಅನಿಮೋನ್ ಉಳಿಸಿಕೊಳ್ಳುವುದು ಮೀನು ಉಳಿಸಿಕೊಳ್ಳುವುದಕ್ಕಿಂತ ಬಹಳ ಕಷ್ಟ. ಅದರ ಬದಲು ಅಂಗೈಯಗಲದ ಮಣ್ಣಿನ ಹೂಕುಂಡವೊಂದನ್ನು ಮಗ್ಗುಲಾಗಿ ಮಲಗಿಸಿಟ್ಟೆ. ಮೀನುಗಳು ಒಂದು ವಾರ ಅದನ್ನು ಅನುಮಾನಿಸಿ, ಆಮೇಲೆ ಗೃಹಪ್ರವೇಶ ಮಾಡಿದವು.

ಮಗಳು ಅವುಗಳಿಗೆ ಕಿಟ್ಟಿ, ಪುಟ್ಟ ಎಂದು ಹೆಸರಿಟ್ಟಳು. ಬಂದಾಗ ಎರಡೂ ಹುಡುಗರೇ. ಈ ಜಾತಿಯಲ್ಲಿ ಹುಟ್ಟುವಾಗ ಹೆಣ್ಣೆಂಬುದೇ ಇಲ್ಲ. ಜೊತೆಯಲ್ಲಿರುವವುಗಳ ಪೈಕಿ ಯಾವುದು ದೊಡ್ಡದಾಗಿ ಬೆಳೆದು ಯಜಮಾನಿಕೆ ಹಿಡಿಯುತ್ತದೋ ಅದು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡಾಗಿ ಪಳಗುತ್ತದೆ. ಹೆಣ್ಣು ಸತ್ತರೆ ಗಂಡು ಹೆಣ್ಣಾಗಿ ಆ ಪಟ್ಟಕ್ಕೇರುತ್ತದೆ. ಒಮ್ಮೆ ಹೆಣ್ಣಾದ ಮೇಲೆ ಹಿಂದಕ್ಕೆ ಬರುವಂತಿಲ್ಲ. ಸಿನಿಮಾದಲ್ಲಿ ಹೆಂಡತಿಯನ್ನು ಕಳೆದುಕೊಂಡ ಅಪ್ಪ ಮೀನು ಮಗನನ್ನು ಹುಡುಕಿಕೊಂಡು ಸಮುದ್ರವೆಲ್ಲ ಅಲೆಯುತ್ತದೆ. ಜೀವಶಾಸ್ತ್ರದ ಪ್ರಕಾರ ಕತೆ ಬರೆದಿದ್ದರೆ ಅಪ್ಪ ಅಷ್ಟರಲ್ಲಿ ಅಮ್ಮನಾಗಿರಬೇಕಿತ್ತು. ಮುಂದಿನ ಕತೆಯಂತೂ ಮಕ್ಕಳಿಗೆ ತೋರಿಸುವಂಥದ್ದಲ್ಲ.

ನಮ್ಮಲ್ಲಿ ಕಿಟ್ಟಿ ಬೆಳೆದ. ಪುಟ್ಟನಿಗೆ ಮೂತಿಯಲ್ಲಿ ತಿವಿದ, ಹೂಕುಂಡದ ಮೂಲೆಗೆ ಅಟ್ಟಿದ. ಪುಟ್ಟ ಒಂದು ಮಗ್ಗುಲಿಗೆ ವಾಲಿ ಮೈಯೆಲ್ಲ ಗಡಗಡ ನಡುಗಿಸಿದ. ಫಿಟ್ಸ್ ಬಂತೆಂದು ಮಗಳು ಅತ್ತಳು. ಅದು ಫಿಟ್ಸ್ ಅಲ್ಲ, ಶರಣಾಗತಿ. “ನೀವು ಹೇಳಿದ ಹಾಗೆ” ಎಂದು ಈ ಮೀನು ಹೇಳುವ ರೀತಿಯೇ ಅದು. ಜೊತೆಗೆ ಹಲ್ಲು ಕಟಕಟಿಸಿ ಸದ್ದನ್ನೂ ಮಾಡುತ್ತವೆ, ರಾತ್ರಿ ಪಂಪು ನಿಲ್ಲಿಸಿ ಗಾಜಿಗೆ ಕಿವಿಯಿಟ್ಟರೆ ಲಟಲಟ ಕೇಳುತ್ತದೆ. ಕೆಲವು ತಿಂಗಳಲ್ಲಿ ಕಿಟ್ಟಿ ಪುಟ್ಟನ ಎರಡರಷ್ಟಾಗಿ, ಅಮ್ಮನ ಬಾಯಲ್ಲಿ ಕಿಟ್ಟಮ್ಮನಾದಳು.

ಅಮ್ಮನ ಮಾತು ಬಂತು. ಅವರಿಗೆ ಮೀನಿನ ಮೇಲೆ ಮೊದಲು ತಾತ್ಸಾರವಿತ್ತು. ನಮ್ಮದು ಮೀನು ಒಳಗೆ ಬರುವ ಮನೆಯಲ್ಲ, ದೇವರಮನೆ ಬೇರೆ ಹಾಲಿಗೆ ಅಂಟಿಕೊಂಡಿದೆ. ಆಮೇಲೆ ಮತ್ಸ್ಯಾವತಾರ ಅವರ ನೆರವಿಗೆ ಬಂತು. ಬೆಳಗಿನ ಪೂಜೆ ಮುಗಿಸಿ ಕಾಫಿ ಲೋಟ ಹಿಡಿದು ಟ್ಯಾಂಕಿನ ಮುಂದಿನ ಕುರ್ಚಿಯಲ್ಲಿ ಕೂತರೆ ಧಾರಾವಾಹಿ ಶುರು. “ನೋಡೋ, ಇವತ್ತು ಬೆಳಿಗ್ಗೆಯಿಂದ ಅವನನ್ನ ಒಳಗೇ ಸೇರಿಸಿಲ್ಲ ಇವಳು. ಏನು ಮಾಡಿದನೋ ಪಾಪ!” ಒಮ್ಮೆ ನಾನು ಅವರಿಗೆ ಓದಿದ್ದೊಂದನ್ನು ಹೇಳಿದೆ. ಕಡಲಿನಲ್ಲಿ ಒಂದು ಅನಿಮೋನಿನಲ್ಲಿ ಈ ಜೋಡಿಯ ಜೊತೆಗೆ ಸಂಬಂಧವಿಲ್ಲದ ಮೂರುನಾಲ್ಕು ಸಣ್ಣ ಮೀನುಗಳೂ ಇರುತ್ತವೆ. ಪ್ರತಿಯೊಂದೂ ತನಗಿಂತ ಮೇಲಿನದಕ್ಕೆ ಸರಿಸಮ ಆಗದಂತೆ ತನ್ನ ಬೆಳವಣಿಗೆಯನ್ನೇ ತಡೆದುಕೊಳ್ಳುತ್ತದೆ, ಬೆಳೆದರೆ ಹೊರಗೆ ಹಾಕಿಬಿಡುತ್ತಾರೆ ಎಂಬ ಭಯ. 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಇದು. ಅಮ್ಮ ಕಾಫಿ ಕುಡಿಯುವುದನ್ನು ನಿಲ್ಲಿಸಿ, “ನಮ್ಮ ಕೂಡುಮನೆಯಲ್ಲಿ ನಾನು ಮೂರನೇ ಸೊಸೆ ಕಣೋ. ಇದಕ್ಕೆ ಸಂಶೋಧನೆ ಬೇಕಿತ್ತಾ?” ಎಂದರು.

ಮೊಟ್ಟೆಯ ಸುಳಿವನ್ನು ಮೊದಲು ಹಿಡಿದವರೂ ಅಮ್ಮನೇ. ಪುಟ್ಟ ಹೂಕುಂಡದ ಒಳಮೈಯನ್ನು ಬಾಯಿಂದ ಕಚ್ಚಿ ಕಚ್ಚಿ ಉಜ್ಜುತ್ತಿದ್ದ. ಪಾಚಿಯೆಲ್ಲ ಹೋಗಿ ಒಂದು ರೂಪಾಯಿಯಗಲ ಜಾಗ ಕೆಂಪಗೆ ಹೊಳೆಯಿತು. “ಯಾರೋ ಬರೋರಿದ್ದಾರೆ” ಎಂದರು ಅಮ್ಮ. ಸಂಜೆಯ ಹೊತ್ತಿಗೆ ಕಿಟ್ಟಮ್ಮ ಹೊಟ್ಟೆಯನ್ನು ಆ ಜಾಗಕ್ಕೆ ತಾಗಿಸಿ ನಿಧಾನವಾಗಿ ಸುತ್ತು ಬಂದಳು, ಅವಳ ಹಿಂದೆ ಪುಟ್ಟ. ಪ್ರತಿ ಸುತ್ತಿಗೂ ಒಂದು ಸಾಲು. ಎರಡು ಮಿಲಿಮೀಟರ್ ಉದ್ದದ ಕಿತ್ತಳೆ ಮೊಟ್ಟೆಗಳು, ಒಂದು ತುದಿ ಮಣ್ಣಿಗೆ ಅಂಟಿ ಇನ್ನೊಂದು ತುದಿ ನೀರಿನಲ್ಲಿ ತೂಗುತ್ತಿತ್ತು. ಒಂದು ಸಲಕ್ಕೆ ಕೆಲವು ನೂರು. ಕೆಲಸ ಮುಗಿದ ಮೇಲೆ ಕಿಟ್ಟಮ್ಮ ಹೊರಗೆ ಬಂದು ಊಟಕ್ಕೆ ನಿಂತಳು.

ಅಲ್ಲಿಂದ ಮುಂದೆ ಎಲ್ಲ ಪುಟ್ಟನದೇ. ಎದೆಯ ರೆಕ್ಕೆಗಳನ್ನು ಬೀಸಣಿಗೆ ಮಾಡಿ ಮೊಟ್ಟೆಗೆ ಗಾಳಿಯಾಡಿಸುತ್ತಾನೆ. ಒಂದೊಂದನ್ನೂ ಬಾಯಲ್ಲಿ ಮುಟ್ಟಿ ನೋಡುತ್ತಾನೆ. ಬೆಳ್ಳಗೆ ಕೆಟ್ಟದ್ದು ಸಿಕ್ಕರೆ ಕಿತ್ತು ತಿಂದುಬಿಡುತ್ತಾನೆ, ಬೂಷ್ಟು ಪಕ್ಕದ್ದಕ್ಕೆ ಹಬ್ಬಬಾರದಲ್ಲ. ನಾನು ಗಾಜು ಒರೆಸಲು ಕೈ ಇಳಿಸಿದರೆ ಬೆರಳುದ್ದದ ಆ ಪ್ರಾಣಿ ಬಂದು ಕಚ್ಚುತ್ತದೆ. ನೋವೇನೂ ಆಗುವುದಿಲ್ಲ, ಆದರೆ ಅವಮಾನವಾಗುತ್ತದೆ. ಮೊಟ್ಟೆಗಳ ಬಣ್ಣ ದಿನದಿನಕ್ಕೆ ಗಾಢವಾಗಿ, ಒಂದು ವಾರದ ಹೊತ್ತಿಗೆ ಪ್ರತಿಯೊಂದರಲ್ಲೂ ಎರಡು ಬೆಳ್ಳಿಕಣ್ಣು ಹೊಳೆಯುತ್ತವೆ. ನೂರಾರು ಜೊತೆ ಕಣ್ಣು ಹೂಕುಂಡದೊಳಗಿಂದ ನಮ್ಮ ಹಾಲನ್ನು ನೋಡುತ್ತಿರುತ್ತವೆ. ಇದನ್ನೆಲ್ಲ ದಿನವೂ ನೋಡಿದ ಹೆಂಡತಿ ನನ್ನ ಕಡೆ ತಿರುಗಿ ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು. ಮಗಳು ಹುಟ್ಟಿದಾಗ ನಾನು ಬ್ಯಾಂಕಿನ ಆಡಿಟ್ಟಿನಲ್ಲಿ ಬೇರೆ ಊರಲ್ಲಿದ್ದೆ.

ಕಣ್ಣು ಬೆಳ್ಳಿಯಾದ ಮೇಲೆ ಮರಿ ಹೊರಬರುವುದು ಕತ್ತಲಾದ ಒಂದೆರಡು ಗಂಟೆಯೊಳಗೆ. ಕತ್ತಲೆ ಎಂದರೆ ಪೂರ್ತಿ ಕತ್ತಲೆ. ರಾತ್ರಿಯಿಡೀ ಕೃತಕ ಬೆಳಕಿನಲ್ಲಿಟ್ಟ ಈ ಮೀನಿನ ಮೊಟ್ಟೆಗಳಲ್ಲಿ ಒಂದೂ ಒಡೆಯಲಿಲ್ಲ ಎಂದು 2019ರ ಅಧ್ಯಯನವೊಂದು ಹೇಳುತ್ತದೆ. ಕಡಲತೀರದ ಹೋಟೆಲುಗಳ ದೀಪ ಎಷ್ಟು ಮನೆ ಹಾಳುಮಾಡುತ್ತಿದೆಯೋ ಯಾರಿಗೆ ಗೊತ್ತು. ಅಂಥ ರಾತ್ರಿಗಳಲ್ಲಿ ನಮ್ಮ ಹಾಲಿನಲ್ಲಿ ಎಂಟು ಗಂಟೆಗೇ ದೀಪ ಬಂದ್, ಟೀವಿ ಬಂದ್, ಫ್ರಿಜ್ಜಿನ ಬಾಗಿಲು ತೆರೆಯುವುದೂ ಬಂದ್. ಒಮ್ಮೆ ಸೋದರಮಾವನ ಮಗ ಮದುವೆಯ ಕರೆಯೋಲೆ ಹಿಡಿದು ಅದೇ ಹೊತ್ತಿಗೆ ಬಂದ. “ಭಾವ, ಎದುರುಮನೇಲಿ ಲೈಟಿದೆಯಲ್ಲ, ನಿಮಗೆ ಫ್ಯೂಸ್ ಹೋಗಿದೆಯಾ?” ಎಂದು ಮೊಬೈಲಿನ ಟಾರ್ಚು ಹಾಕಲು ಹೊರಟ. ಹೆಂಡತಿ ಕತ್ತಲಿಂದಲೇ, “ಫ್ಯೂಸ್ ಅಲ್ಲಪ್ಪ, ಹೆರಿಗೆ” ಎಂದಳು. ಅವನು ಕರೆಯೋಲೆ, ಅಕ್ಷತೆ ಎರಡನ್ನೂ ತಡಕಾಡಿ ಟೀಪಾಯಿಯ ಮೇಲಿಟ್ಟು, ನೀರೂ ಕುಡಿಯದೆ ಹೋದ. ಮದುವೆಯಲ್ಲಿ ಅವರ ಮನೆಯವರೆಲ್ಲ ನಮ್ಮನ್ನು ವಿಶೇಷ ಮರುಕದಿಂದ ಮಾತಾಡಿಸಿದರು.

ಕತ್ತಲಲ್ಲಿ ಸಾಕಷ್ಟು ಹೊತ್ತು ಕೂತ ಮೇಲೆ ಟ್ಯಾಂಕಿನ ಒಂದು ಮೂಲೆಗೆ ಸಣ್ಣ ಟಾರ್ಚು ಹಿಡಿಯಬೇಕು. ಮರಿಗಳು ಬೆಳಕಿಗೆ ಮುಗಿಬೀಳುತ್ತವೆ. ಮೂರುನಾಲ್ಕು ಮಿಲಿಮೀಟರ್ ಉದ್ದ, ಮೈ ಗಾಜಿನಷ್ಟೇ ಪಾರದರ್ಶಕ, ಕಾಣುವುದು ಕಣ್ಣು ಮಾತ್ರ. ಅವನ್ನು ಬಲೆಯಲ್ಲಿ ಹಿಡಿಯಬಾರದು, ಗಾಳಿ ತಾಗಿಸಬಾರದು. ಲೋಟ ಮುಳುಗಿಸಿ ನೀರಿನ ಸಮೇತ ಎತ್ತಿ ಬೇರೆ ತೊಟ್ಟಿಗೆ ಬಿಡಬೇಕು. ಬಿಡದಿದ್ದರೆ ಬೆಳಗಾಗುವುದರೊಳಗೆ ಪಂಪಿಗೆ ಸಿಕ್ಕಿಯೋ ಹೆತ್ತವರ ಹೊಟ್ಟೆಗೆ ಹೋಗಿಯೋ ಮುಗಿಯುತ್ತವೆ. ಒಂದು ವಾರ ಎವೆಯಿಕ್ಕದೆ ಕಾಯ್ದ ಪುಟ್ಟನಿಗೆ, ಮೊಟ್ಟೆಯಿಂದ ಹೊರಬಿದ್ದ ಮರುಕ್ಷಣ ಮಕ್ಕಳ ಗುರುತೇ ಇರುವುದಿಲ್ಲ. ಕಡಲಿನಲ್ಲಿ ಆ ಗುರುತಿನಿಂದ ಪ್ರಯೋಜನವೂ ಇಲ್ಲ. ಮರಿಗಳು ಪ್ರವಾಹದಲ್ಲಿ ತೇಲಿ ಹೋಗಿಬಿಡುತ್ತವೆ.

ಮರಿಗಳಿಗೆ ಊಟ ಹೊಂದಿಸುವುದೇ ಈ ವಿದ್ಯೆಯ ಸಾರ. ಅವುಗಳ ಬಾಯಿಗೆ ಹಿಡಿಸುವುದು ರೋಟಿಫರ್ ಎಂಬ ಸೂಕ್ಷ್ಮಜೀವಿ, ಮಿಲಿಮೀಟರಿನ ಐದನೇ ಒಂದು ಭಾಗ. ಅದೂ ಜೀವಂತವಾಗಿ ಮುಂದೆ ಈಜಬೇಕು. ಸತ್ತದ್ದನ್ನು ಅವು ಮೂಸುವುದಿಲ್ಲ. ರೋಟಿಫರನ್ನು ಸಾಕಬೇಕು, ಅದಕ್ಕೆ ತಿನ್ನಲು ನ್ಯಾನೋಕ್ಲೋರಾಪ್ಸಿಸ್ ಎಂಬ ಹಸಿರು ಪಾಚಿ ಬೆಳೆಸಬೇಕು, ಪಾಚಿಗೆ ಗೊಬ್ಬರ ಹಾಕಬೇಕು. ಒಂದು ವಾರ ಕಳೆಯುತ್ತಿದ್ದ ಹಾಗೆ ಆರ್ಟೀಮಿಯ ಎಂಬ ಉಪ್ಪುನೀರಿನ ಸಿಗಡಿಯ ಮರಿ. ಇದರ ಒಣಮೊಟ್ಟೆ ಡಬ್ಬಿಯಲ್ಲಿ ಪುಡಿಯಾಗಿ ಸಿಗುತ್ತದೆ, ವರ್ಷಗಟ್ಟಲೆ ಕೆಡದೆ ಕೂತಿದ್ದು, ಉಪ್ಪುನೀರಿಗೆ ಹಾಕಿದ ಮಾರನೆ ದಿನ ಜೀವ ತಳೆದು ಈಜುತ್ತದೆ. “ಮೀನಿಗೆ ಅಡುಗೆ, ಅಡುಗೆಗೆ ಅಡುಗೆ, ಆ ಅಡುಗೆಗೆ ಗೊಬ್ಬರ. ನನಗೆ ಒಂದು ದಿನ ಉಪ್ಪಿಟ್ಟು ಮಾಡಿಕೊಟ್ಟವರಲ್ಲ ನೀವು” ಎಂಬ ಮಾತು ಆ ದಿನಗಳಲ್ಲಿ ಮೇಲಿಂದ ಮೇಲೆ ಬರುತ್ತಿತ್ತು. ಬಾಲ್ಕನಿಯಲ್ಲಿ ಸಾಲಾಗಿ ಇಟ್ಟ ಹಸಿರು ಬಾಟಲಿಗಳನ್ನು ಕಂಡ ಪಕ್ಕದ ಮನೆಯ ರಾಯರು ನನ್ನ ಬಿ.ಪಿ.ಗೆ ಯಾವುದೋ ಸೊಪ್ಪಿನ ಕಷಾಯ ಸಿಕ್ಕಿದೆ ಎಂದುಕೊಂಡು, “ನಮಗೂ ಒಂದು ಲೋಟ ಇರಲಿ ಸ್ವಾಮಿ” ಎಂದರು. ಪಾಚಿ ಎಂದೆ. ಅವರು ನಂಬಲಿಲ್ಲ. ನಾನು ಬಚ್ಚಿಡುತ್ತಿದ್ದೇನೆ ಎಂಬ ಬೇಸರ ಅವರಿಗೆ ಇನ್ನೂ ಇದೆ.

ಇಷ್ಟೆಲ್ಲ ಮಾಡಿಯೂ ಮರಿಗಳು ಸಾಯುತ್ತವೆ. ಮೊದಲ ಮೂರುನಾಲ್ಕು ದಿನಗಳಲ್ಲಿ ಒಂದು ಪಾಲು, ಪಟ್ಟೆ ಬರುವ ಹೊತ್ತಿಗೆ ಇನ್ನೊಂದು ಪಾಲು. ಬೆಳಿಗ್ಗೆ ಎದ್ದು ತೊಟ್ಟಿಯ ತಳದಲ್ಲಿ ಬಿದ್ದವನ್ನು ಸಣ್ಣ ಕೊಳವೆಯಿಂದ ಹೀರಿ ತೆಗೆಯುವುದು ದಿನದ ಮೊದಲ ಕೆಲಸ. ಎಣಿಸುವುದನ್ನು ನಾನು ಬಿಟ್ಟೆ. ಉಳಿದವುಗಳಿಗೆ ಹತ್ತು ಹನ್ನೆರಡು ದಿನ ಆಗುವಾಗ ಒಂದು ಬೆಳಿಗ್ಗೆ ಬದಲಾವಣೆ ಕಾಣುತ್ತದೆ. ಅದುವರೆಗೆ ದಿಕ್ಕುದೆಸೆಯಿಲ್ಲದೆ ತೇಲುತ್ತಿದ್ದದ್ದು ತಳಕ್ಕಿಳಿದು, ಮೈಗೆ ಕಿತ್ತಳೆ ಏರಿ, ಕಣ್ಣಿನ ಹಿಂದೆ ಒಂದು ಬಿಳಿ ಗೆರೆ ಎಳೆದುಕೊಂಡಿರುತ್ತದೆ. ಉಗುರಿನ ಚೂರಿನಷ್ಟಿದ್ದರೂ ಅದು ಈಗ ಪೂರ್ತಿ ಕ್ಲೌನ್ ಮೀನು. ಮುಂದಿನ ಕೆಲಸವೆಂದರೆ ಪಕ್ಕದವನನ್ನು ಮೂಲೆಗೆ ಅಟ್ಟುವುದು.

ಮನುಷ್ಯರು ಈ ವಿದ್ಯೆ ಕಲಿತು ಅರ್ಧ ಶತಮಾನವಾಯಿತು. 1970ರ ದಶಕದಲ್ಲಿ ಫ್ಲೋರಿಡಾದ ಮಾರ್ಟಿನ್ ಮೋ ಕ್ಲೌನ್ ಮೀನನ್ನು ಮಾರಾಟಕ್ಕಾಗುವಷ್ಟು ಸಂಖ್ಯೆಯಲ್ಲಿ ಮರಿಮಾಡಿಸಿದರು. ನಮ್ಮಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ವಿಳಿಂಜಂ, ಮಂಡಪಂ ಕೇಂದ್ರಗಳಲ್ಲಿ ನಮ್ಮ ಕಡಲಿನ ಜಾತಿಗಳನ್ನು ಸಾಕಿ ಮರಿಮಾಡಿಸುವ ಕ್ರಮವನ್ನು ಹದಕ್ಕೆ ತಂದಿದ್ದಾರೆ. ಅಂಡಮಾನ್, ಲಕ್ಷದ್ವೀಪ, ಮನ್ನಾರ್ ಕೊಲ್ಲಿಗಳಲ್ಲಿ ಈ ಬಳಗದ ಮೀನುಗಳು ಇವೆ. ಇಷ್ಟಾಗಿಯೂ ಅಂಗಡಿಗೆ ಬರುವ ಕಡಲಮೀನುಗಳಲ್ಲಿ ಬಹುಪಾಲು ದಿಬ್ಬಗಳಿಂದ ಹಿಡಿದವೇ. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಸಯನೈಡ್ ಚಿಮುಕಿಸಿ ಮೀನಿಗೆ ಮಂಪರು ಹಿಡಿಸಿ ಹಿಡಿಯುವುದು ಹಳೆಯ ಪಿಡುಗು. ಮೀನಿನ ಜೊತೆ ಹವಳವೂ ಸಾಯುತ್ತದೆ.

ಈ ಗೀಳಿನ ಮೂಲಪುರುಷರಲ್ಲಿ ಒಬ್ಬ ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. ಲಂಡನ್ ಮೃಗಾಲಯದಲ್ಲಿ 1853ರಲ್ಲಿ ಮೀನಿನ ಮನೆ ತೆರೆಯಲು ನೆರವಾದ, ಮರುವರ್ಷ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದ. ಪುಸ್ತಕ ಓದಿದ ಜನ ಬುಟ್ಟಿ ಹಿಡಿದು ಕಡಲತೀರಕ್ಕೆ ನುಗ್ಗಿದರು; ಬಂಡೆಗಳ ನಡುವಿನ ಹೊಂಡಗಳೆಲ್ಲ ಬರಿದಾದವು. ಅಪ್ಪ ಪ್ರೀತಿಸಿದ್ದನ್ನೇ ಅಪ್ಪನ ಪುಸ್ತಕ ಹಾಳುಮಾಡಿತು ಎಂದು ಮಗ ಎಡ್ಮಂಡ್ ಗಾಸ್ 1907ರ ತನ್ನ ‘ಫಾದರ್ ಅಂಡ್ ಸನ್’ ಕೃತಿಯಲ್ಲಿ ಮರುಗಿದ್ದಾನೆ. ನಾನು ಈ ಪ್ರಬಂಧ ಬರೆಯಲು ಹಿಂದೆಮುಂದೆ ನೋಡಿದ್ದಕ್ಕೆ ಅದೂ ಒಂದು ಕಾರಣ. ಓದುಗರ ಸಂಖ್ಯೆಯ ಮೇಲೆ ನಂಬಿಕೆಯಿಟ್ಟು ಮುಂದುವರಿದಿದ್ದೇನೆ.

ಮಗಳು ಈಗ ನೆದರ್ಲೆಂಡ್ಸಿನಲ್ಲಿದ್ದಾಳೆ. ಆ ದೇಶದ ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಅಲ್ಲಿಯ ಜನ ಶತಮಾನಗಳಿಂದ ಸಮುದ್ರ ಒಳಗೆ ಬಾರದಂತೆ ಒಡ್ಡು ಕಟ್ಟಿಕೊಂಡು ಬದುಕಿದ್ದಾರೆ. ಅಪ್ಪ ಬೆಟ್ಟದ ಮೇಲೆ ಉಪ್ಪು ಕಲಸಿ ಸಮುದ್ರ ಮಾಡುತ್ತಾನೆ ಎಂದು ಅವಳು ಅಲ್ಲಿಯವರಿಗೆ ಹೇಳಿದರೆ ತಮಾಷೆ ಎಂದುಕೊಳ್ಳುತ್ತಾರಂತೆ. ಭಾನುವಾರದ ವಿಡಿಯೊ ಕಾಲಿನಲ್ಲಿ ನಮ್ಮ ಮುಖ ಮುಗಿದ ಮೇಲೆ “ಅಪ್ಪ, ಅವರನ್ನ ತೋರಿಸು” ಎನ್ನುತ್ತಾಳೆ. ನಾನು ಫೋನನ್ನು ಗಾಜಿನ ಹತ್ತಿರ ಹಿಡಿಯುತ್ತೇನೆ. ಕಿಟ್ಟಮ್ಮ ಊಟ ಬಂತೆಂದು ಮುಂದೆ ಬರುತ್ತಾಳೆ. ಕಿಟ್ಟಮ್ಮ ತನ್ನನ್ನು ಗುರುತಿಸಿದಳೆಂದು ಮಗಳು ಹಿಗ್ಗುತ್ತಾಳೆ. ಇಬ್ಬರನ್ನೂ ತಿದ್ದಲು ನಾನು ಹೋಗುವುದಿಲ್ಲ.

ನಾವು ಅವಳ ಬಳಿಗೆ ಹೋಗಿಲ್ಲ. ಟ್ಯಾಂಕಿನಿಂದ ದಿನಾ ಒಂದೆರಡು ಲೀಟರ್ ನೀರು ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ದಿನವೂ ಸಿಹಿನೀರು ತುಂಬಿಸಬೇಕು, ಇಲ್ಲದಿದ್ದರೆ ಉಪ್ಪು ಏರುತ್ತದೆ. ಕರೆಂಟು ಹೋಗಿ ಯು.ಪಿ.ಎಸ್. ಕೈಕೊಟ್ಟರೆ ನೀರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಇದನ್ನೆಲ್ಲ ಹದಿನೈದು ದಿನ ನಂಬಿ ಒಪ್ಪಿಸಬಹುದಾದವರು ಸಿಕ್ಕಿಲ್ಲ. ಪಕ್ಕದ ಮನೆಯ ರಾಯರಿಗೆ ಕಷಾಯದ ಸಿಟ್ಟಿದೆ. ಗೋಕರ್ಣಕ್ಕೆ ಹೋಗೋಣ, ಮುರುಡೇಶ್ವರಕ್ಕೆ ಹೋಗೋಣ ಎಂದು ಹೆಂಡತಿ ವರ್ಷವೂ ಹೇಳುತ್ತಾಳೆ. ಮನೆಗೆ ಸಮುದ್ರ ಬಂದ ಮೇಲೆ ನಾವಿಬ್ಬರೂ ಸಮುದ್ರ ನೋಡಿಲ್ಲ.

ಕಡಲಿನಲ್ಲಿ ಕ್ಲೌನ್ ಮೀನಿಗೆ ಶತ್ರುಗಳು ಬಹಳ. ಗಾಜಿನೊಳಗೆ ನೀರು ಸರಿಯಾಗಿದ್ದರೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಕೊಳ್ಳುವಾಗ ಅಂಗಡಿಯವನು ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೀನಿನ ಆಯುಸ್ಸನ್ನು ಯಾರು ಕೇಳುತ್ತಾರೆ? ಅಮ್ಮ ತೀರಿಕೊಂಡು ಕೆಲವು ವರ್ಷವಾಯಿತು. ಕಿಟ್ಟಮ್ಮ ಗಟ್ಟಿಯಾಗಿದ್ದಾಳೆ, ಎರಡು ವಾರಕ್ಕೊಮ್ಮೆ ಮೊಟ್ಟೆಯಿಡುತ್ತಾಳೆ, ಪುಟ್ಟನನ್ನು ಈಗಲೂ ತಿವಿಯುತ್ತಾಳೆ. ಸೈಟು, ಎಲ್.ಐ.ಸಿ., ಬ್ಯಾಂಕಿನ ಠೇವಣಿ ಎಲ್ಲಕ್ಕೂ ನಾಮಿನಿ ಬರೆದಿಟ್ಟವನಿಗೆ ಮೀನಿಗೆ ಯಾರ ಹೆಸರು ಬರೆಯಬೇಕೆಂದು ತೋಚದೆ ಮಗಳನ್ನು ಕೇಳಿದೆ. ಅವಳು ತುಸು ಹೊತ್ತು ಸುಮ್ಮನಿದ್ದು, “ನೀನು ಇನ್ನೂ ಇಪ್ಪತ್ತು ವರ್ಷ ಇರು ಅಪ್ಪ, ಅದೇ ಸುಲಭ” ಎಂದಳು. ಡಾಕ್ಟರು ಉಪ್ಪು ಬಿಡಿ ಎಂದಾಗ ಬಾರದ ಹಠ ಆಗ ಬಂತು. ಈಗ ಬೆಳಿಗ್ಗೆ ಅರ್ಧ ಗಂಟೆ ನಡೆಯುತ್ತೇನೆ.

ಆದ್ದರಿಂದ ಮಕ್ಕಳ ಹಠಕ್ಕೆ ಮಣಿದು ಅಂಗಡಿಗೆ ಹೊರಟಿರುವ ಅಪ್ಪ ಅಮ್ಮಂದಿರಲ್ಲಿ ನನ್ನ ವಿನಂತಿ ಇಷ್ಟೇ. ಮೊದಲು ನಿಮ್ಮ ವಯಸ್ಸಿಗೆ ಇಪ್ಪತ್ತು ಕೂಡಿಸಿ ನೋಡಿ. ಆಮೇಲೆ ಅಂಗಡಿಯವನನ್ನು, ಈ ಮೀನು ಹುಟ್ಟಿದ್ದು ಟ್ಯಾಂಕಿನಲ್ಲೋ ಕಡಲಿನಲ್ಲೋ ಎಂದು ಕೇಳಿ. ಕಡಲಿನಲ್ಲಿ ಎಂದರೆ ಅದನ್ನು ಬಿಟ್ಟುಬನ್ನಿ. ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ಇರುವುದಿಲ್ಲ. ಟ್ಯಾಂಕಿನಲ್ಲಿ ಹುಟ್ಟಿದ ಮರಿಗಳು ನಮ್ಮ ಮನೆಯಲ್ಲಿ ಧಾರಾಳವಾಗಿವೆ. ಒಂದು ಜೋಡಿ ಕೊಡಲು ನನಗೆ ದುಡ್ಡು ಬೇಡ. ಮೀನಿಲ್ಲದ ನೀರನ್ನು ಆರು ವಾರ ಸಾಕಿ ತೋರಿಸಿ, ಸಾಕು.